ನಲವತ್ತು ರೂಪಾಯಿಯ ಹಾರ್ನ್ ರಿಪೇರಿ

ಆಗುಂಬೆ ಘಾಟಿಯ ಏಳನೇ ತಿರುವೋ ಎಂಟನೆಯದೋ. ಜುಲೈ ತಿಂಗಳು, ಮಂಜು, ಮಳೆ. ಕೆಳಗಿನಿಂದ ಮಿನಿ ಬಸ್ ಹತ್ತಿ ಬರುವ ಸದ್ದು. ಹಾರ್ನ್ ಒತ್ತಿದೆ, ಪಿಟಕ್ ಅನ್ನಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಗಾಜು ಇಳಿಸಿ "ಹೋಯ್" ಅಂತ ಕೂಗಿದಳು. ಮಿಕ್ಕ ತಿರುವುಗಳನ್ನೂ ಹಾಗೇ ಇಳಿದೆವು. ಒಟ್ಟು 14 ಇವೆ, ಅವಳ ಗಂಟಲಿನ ಗತಿ ನೀವೇ ಯೋಚಿಸಿ.

ಕಾರು ಹದಿನಾಲ್ಕು ವರ್ಷದ್ದು. ಮರುವರ್ಷ ಆರ್‌ಸಿ ರಿನ್ಯೂವಲ್. 2022ರಿಂದ ಅದಕ್ಕೆ ಫೀಸೇ 5,000 ರೂಪಾಯಿ. ಹಾರ್ನ್ ಇಲ್ಲದ ಗಾಡಿಯನ್ನು ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸೋಕಾಗಲ್ಲ.

ಫ್ಯೂಸ್ ಚೆನ್ನಾಗಿತ್ತು. ರಿಲೇ ಅಂದ್ರೆ ಬಟನ್ ಒತ್ತಿದಾಗ ಹಾರ್ನಿಗೆ ಕರೆಂಟ್ ಬಿಡುವ ಸ್ವಿಚ್. ಹೊಸ ರಿಲೇಗೆ 180 ಕೊಟ್ಟೆ. ಪಕ್ಕದಲ್ಲೇ ಅದೇ ನಮೂನೆಯ ಇನ್ನೊಂದು ರಿಲೇ ಇತ್ತು, ಅದಲುಬದಲು ಮಾಡಿ ನೋಡಬಹುದಿತ್ತು ಅಂತ ಹೊಳೆದದ್ದು ದುಡ್ಡು ಕೊಟ್ಟ ಮೇಲೆ.

ಆಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಹಾರ್ನಿನ ವೈರ್ ಕಿತ್ತು, ನನ್ನ ಕೈಲಿ ಬಟನ್ ಒತ್ತಿಸಿ, ವೈರಿಗೂ ಹಾರ್ನ್ ಕೂರಿಸಿದ ಬ್ರಾಕೆಟ್ಟಿಗೂ ಮೀಟರ್ ಇಟ್ಟರು. 12.3 ವೋಲ್ಟ್. "ಕರೆಂಟ್ ಬರ್ತಿದೆ ಮಾರಾಯ್ರೆ, ಹಾರ್ನೇ ಹೋಗಿದೆ" ಅಂದರು. ಹೊಸ ಜೋಡಿಗೆ 750, ಮಜೂರಿ 300. ಅಂಗಡಿ ಮುಂದೆ ಪೀಂ ಅಂತ ಚೆನ್ನಾಗಿಯೇ ಕೂಗಿತು. ನಾಲ್ಕನೇ ದಿನಕ್ಕೆ ಕಫ ಕಟ್ಟಿದವರ ಹಾಗೆ ಗೊರಗೊರ. ಆರನೇ ದಿನ ಅದೂ ಇಲ್ಲ.

ಎರಡನೇ ಸಲ ಹೋದಾಗ, ಸ್ಟೀರಿಂಗ್ ಒಳಗೆ ಹಾರ್ನ್ ಬಟನ್ನಿಗೆ ಸಂಪರ್ಕ ಕೊಡುವ ಸ್ಪೈರಲ್ ಕೇಬಲ್ ಹೋಗಿದೆ, ನಾಲ್ಕೂವರೆ ಸಾವಿರ ಆಗುತ್ತೆ, ಲೇಬರ್ ಬೇರೆ ಅಂದರು. ಇಲ್ಲಿ ನನಗೆ ತಡೆಯಲಿಲ್ಲ. ಬಟನ್ ಒತ್ತಿದರೆ ರಿಲೇ ಟಿಕ್ ಅಂತಿದೆ. ಅಂದಮೇಲೆ ಸ್ಟೀರಿಂಗ್ ಕಡೆಯದೆಲ್ಲ ಸರಿಯೇ ಇದೆ, ಅಲ್ವಾ? ಅರ್ತ್, ಅಂದ್ರೆ ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ, ನೋಡೋಣ ಅಂದೆ. ಅಲ್ಲಿದ್ದ ಇನ್ನಿಬ್ಬರೂ ಸೇರಿ ನಕ್ಕರು. "12 ವೋಲ್ಟ್ ತೋರಿಸ್ತಿರುವಾಗ ಎಂಥ ಅರ್ತ್ ಮಾರಾಯ್ರೆ!"

ಮನೆಗೆ ಬಂದು ಹಳೇ ಹೆಡ್‌ಲೈಟ್ ಬಲ್ಬ್ ಹುಡುಕಿದೆ. ಎಚ್4, 60/55 ವ್ಯಾಟಿನದು. ಒಂದು ಫಿಲಮೆಂಟ್ ಸುಟ್ಟಿತ್ತು, 55ರದ್ದು ಉಳಿದಿತ್ತು. ಮೀಟರ್ ಕರೆಂಟ್ ಎಳೆಯೋದೇ ಇಲ್ಲ ಅನ್ನಬಹುದು, ಕೂದಲೆಳೆಯಷ್ಟು ಕಾಂಟ್ಯಾಕ್ಟ್ ಇದ್ದರೂ 12 ತೋರಿಸಿ ಮೋಸ ಮಾಡುತ್ತೆ. ಈ ಬಲ್ಬ್ ಹಾರ್ನಿನಷ್ಟೇ, ಅಂದ್ರೆ ನಾಲ್ಕೂವರೆ ಆಂಪಿಯರ್ ಕೇಳುತ್ತೆ. ಹಾರ್ನಿನ ವೈರ್ ಮತ್ತು ಬ್ರಾಕೆಟ್ ನಡುವೆ ಇಟ್ಟೆ. ಊದುಬತ್ತಿ ತುದಿಯ ಹಾಗೆ ಕೆಂಪಗೆ ಕಂಡಿತು, ಅಷ್ಟೇ. ಬ್ರಾಕೆಟ್ ಬಿಟ್ಟು ಬ್ಯಾಟರಿ ಮೈನಸ್ಸಿಗೆ ಮುಟ್ಟಿಸಿದೆ. ಕಣ್ಣು ಕುಕ್ಕುವಂಥ ಬೆಳಕು! ಹಾರ್ನ್ ಸಿಕ್ಕಿಸಿ, ಹೆಂಡತಿ ಬಟನ್ ಒತ್ತಿ ಹಿಡಿದಾಗ ಬ್ರಾಕೆಟ್ಟಿಗೂ ಬ್ಯಾಟರಿ ಮೈನಸ್ಸಿಗೂ ಮೀಟರ್ ಇಟ್ಟೆ. ಸುಮಾರು 8 ವೋಲ್ಟ್. ಅಲ್ಲಿ ಅರ್ಧ ವೋಲ್ಟ್ ಬಂದರೂ ಜಾಸ್ತಿಯೇ.

ಬೋಲ್ಟ್ ಬಿಚ್ಚಿದಾಗ ಗೊತ್ತಾಯ್ತು. ಎರಡು ವರ್ಷದ ಹಿಂದೆ ಕಾರಿನ ಮುಂಭಾಗ ಗುದ್ದಿಸಿಕೊಂಡು ಪೇಂಟ್ ಮಾಡಿಸಿದ್ದೆ. ಬ್ರಾಕೆಟ್ ಕೂರುವ ಜಾಗಕ್ಕೂ ಪೇಂಟ್ ಹೊಡೆದಿದ್ದರು. ನಮ್ಮದು ಒಂದೇ ವೈರಿನ ಹಾರ್ನ್, ಅರ್ತ್ ಬಾಡಿಯಿಂದಲೇ ಸಿಗಬೇಕು. ಇಷ್ಟು ದಿನ ಬರೀ ಬೋಲ್ಟಿನ ಥ್ರೆಡ್ಡಿನಿಂದ ಸಿಗುತ್ತಿತ್ತು. ಎರಡು ಮಳೆಗಾಲಕ್ಕೆ ಅದೂ ತುಕ್ಕು ಹಿಡಿದಿತ್ತು. ಅಂಗಡಿಯಲ್ಲಿ ಬೋಲ್ಟ್ ಬಿಚ್ಚಿ ಬಿಗಿದಾಗ ತುಕ್ಕು ಉಜ್ಜಿ ಹೋಗಿ ನಾಲ್ಕು ದಿನ ಕೂಗಿತ್ತು!

ಪೇಂಟ್ ಕೆರೆದೆ. ನಂಬಿಕೆ ಸಾಲದೆ ಬ್ರಾಕೆಟ್ಟಿನಿಂದ ಬ್ಯಾಟರಿ ಮೈನಸ್ಸಿಗೇ ಬೇರೆ ವೈರ್ ಎಳೆದೆ. ವೈರು, ಅದರ ತುದಿಗೆ ಹಾಕುವ ಎರಡು ಲಗ್ ಎಲ್ಲ ಸೇರಿ ನಲವತ್ತು ರೂಪಾಯಿ. ಅದಕ್ಕೂ ಮುಂಚೆ ಸಾವಿರದ ಇನ್ನೂರು ಮೂವತ್ತು ಕಳೆದುಕೊಂಡಿದ್ದೆ ಅನ್ನೋದು ಬೇರೆ ಮಾತು. ಈಗ ಎರಡು ಮಳೆಗಾಲ ಕಳೀತು. ರಿನ್ಯೂವಲ್ಲೂ ಆಯ್ತು.

ನಡುವೆ ಹಸಿರುಗಟ್ಟಿದ ಟರ್ಮಿನಲ್ಲನ್ನು ಹುಣಸೆಹಣ್ಣಿಂದ ತಿಕ್ಕಿ ನೋಡಿದ್ದೆ, ಅಮ್ಮ ತಾಮ್ರದ ಚೊಂಬು ತಿಕ್ಕುವ ಹಾಗೆ. ಬಂಗಾರದಂತೆ ಹೊಳೆಯಿತು. ಹುಳಿ ಸರಿಯಾಗಿ ತೊಳೆದಿರಲಿಲ್ಲ, ವಾರಕ್ಕೆ ಮೊದಲಿಗಿಂತ ಜಾಸ್ತಿ ಹಸಿರಾಯ್ತು. ಈಗ ಜಾಯಿಂಟಿಗೆ ಬೇರೆ ಏನೋ ಸವರುತ್ತೇನೆ. ಅದೇನು ಅಂತ ಆ ಎಲೆಕ್ಟ್ರಿಷಿಯನ್ ಕೂಡ ಕೇಳಿದ್ದರು, ಅವರಿಗೇ ಹೇಳಿಲ್ಲ.

ಹಳೇ ಹಾರ್ನುಗಳೂ ಹಾಳಾಗಿರಲಿಲ್ಲ. ಒಂದರ ಹಿಂದಿನ ಸ್ಕ್ರೂ ಚೂರು ತಿರುಗಿಸಿ ದನಿ ಸರಿಮಾಡಿ, ಹಳೇ ಬ್ಯಾಟರಿ ಕೊಟ್ಟು ಗೇಟಿಗೆ ಕಾಲಿಂಗ್ ಬೆಲ್ ಮಾಡಿದೆ. ಹಾಲಿನವನು ಬೆಳಗ್ಗೆ ಐದೂವರೆಗೆ ಒಮ್ಮೆ ಒತ್ತಿದ. ಮಧ್ಯಾಹ್ನದೊಳಗೆ ಅಮ್ಮ ಬಿಚ್ಚಿಸಿದರು.

ಬಲ್ಬಿನ ಉಪಾಯ ಮಾಡುವವರು ಇಕ್ಕಳದಲ್ಲೇ ಹಿಡಿಯಿರಿ. ಅರ್ಧ ನಿಮಿಷಕ್ಕೆಲ್ಲ ಕೆಂಡ ಆಗುತ್ತೆ, ನನ್ನ ಹೆಬ್ಬೆರಳಲ್ಲಿ ಇನ್ನೂ ಗುರುತಿದೆ.