ನಕ್ಷೆ ಬಿಟ್ಟು ಉದ್ರಿ ಪುಸ್ತಕ ಹಿಡಿದೆ: ರಸ್ತೆ ಕಾದಂಬರಿ ಬರೆದ ನನ್ನ ಅನುಭವ

ನನ್ನ ಕಾದಂಬರಿಯ ಎರಡನೇ ಮುದ್ರಣ ಈಚೆಗೆ ಬಂತು. ಬಳ್ಳಾರಿ, ಸಿಂಧನೂರು, ಗಂಗಾವತಿ ಸುತ್ತುವ ಕಥೆಯನ್ನು ಯಾರು ಓದುತ್ತಾರೆ ಅಂದವರೇ ಈಗ ಹೇಗೆ ಬರೆದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಾತ್ರ ಹೇಗಿರಬೇಕು, ಕಥೆ ಯಾರ ಬಾಯಲ್ಲಿ ಬರಬೇಕು ಎನ್ನುವುದೆಲ್ಲ ಬರೆಯುವವರಿಗೆ ಗೊತ್ತೇ ಇರುತ್ತದೆ. ನಾನು ಏನು ಮಾಡಿದೆ, ಯಾವುದು ನಿಲ್ಲಲಿಲ್ಲ, ಎಷ್ಟು ದುಡ್ಡು ಹೋಯಿತು, ಅಷ್ಟನ್ನು ಹೇಳುತ್ತೇನೆ.

ಕಥೆ ಸಣ್ಣದು. ಬಳ್ಳಾರಿಯ ಒಬ್ಬ ಲಾರಿ ಮಾಲೀಕ. ಡ್ರೈವರ್ ಕೂಡ ಅವನೇ. ಸಂಡೂರು ಕಡೆಯ ಅದಿರು ಹೊಡೆಯುತ್ತಿದ್ದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಕಂತು ನಿಲ್ಲಲಿಲ್ಲ. ಅವನು ಗಂಗಾವತಿ, ಕಾರಟಗಿ ಕಡೆ ಭತ್ತ, ಅಕ್ಕಿ ಲೋಡಿಗೆ ತಿರುಗಿದ. ದಾರಿಯುದ್ದಕ್ಕೂ ಉದ್ರಿ ಬೆಳೆಯಿತು. ಪಂಕ್ಚರ್ ಅಂಗಡಿಗೆ, ಚಹಾದ ಅಂಗಡಿಗೆ, ಮಿಲ್ಲಿನ ಗುಮಾಸ್ತನಿಗೆ, ಕೊನೆಗೆ ತನ್ನ ಕ್ಲೀನರ್ ಹುಡುಗನಿಗೂ ಬಾಕಿ. ಫೈನಾನ್ಸಿನವರು ಲಾರಿ ಎಳೆದುಕೊಂಡು ಹೋದ ಮೇಲೆ ಆ ರಸ್ತೆಯ ಕಡೆ ತಲೆ ಹಾಕಲಿಲ್ಲ. 2024ರ ಆಗಸ್ಟಿನಲ್ಲಿ ಅವನೂ ಅವನ ಅಕ್ಕನೂ ಬಸ್ಸು ಹತ್ತಿ ಆ ಬಾಕಿಗಳನ್ನು ತೀರಿಸಲು ಹೊರಡುತ್ತಾರೆ.

ಈ ಕಥೆಯನ್ನು ಹೇಳಿದಾಗ ನಮ್ಮ ಕಡೆಯ ಒಬ್ಬ ಹಿರಿಯ ಲೇಖಕರು ತಲೆ ಅಲ್ಲಾಡಿಸಿದರು. "ರಸ್ತೆ ಕಥಿ ಅಂದ್ರ ಲಡಾಕ್ ಇರಬೇಕು, ಗೋವಾ ಇರಬೇಕು. ಸಿಂಧನೂರ ಬಸ್‌ ಸ್ಟ್ಯಾಂಡಿನಾಗ ಯಾರ ಬಾಳೇವು ಬದಲಾಗತೈತ್ರಿ?" ಅಂದರು. ಬದಲಾಗುತ್ತದೆ ಅಂತ ನನಗೆ ಗೊತ್ತಿತ್ತು. ತೋರಿಸುವುದು ಹೇಗೆ ಅನ್ನುವುದೇ ಪ್ರಶ್ನೆಯಾಗಿತ್ತು.

ಮೊದಲ ಕರಡನ್ನು ನಕ್ಷೆ ಹಿಡಿದು ಬರೆದೆ. ಒಂದೊಂದು ಊರಿಗೆ ಒಂದೊಂದು ಅಧ್ಯಾಯ. ಬೈಕ್ ಹತ್ತಿ, ನೋಟ್‌ಬುಕ್ ಹಿಡಿದು ಸುತ್ತಿದೆ. ಬಳ್ಳಾರಿ ಗುಡ್ಡದ ಕೋಟೆ ಬಂತು, ಕಿನ್ನಾಳದ ಗೊಂಬೆ ಬಂದವು, 1112ರ ಇಟಗಿ ಮಹಾದೇವ ಗುಡಿಗೆ ಪೂರಾ ಹತ್ತು ಪುಟ ಹೋಯಿತು. ಪುಟ ಮುನ್ನೂರು ದಾಟಿತು. ಪೆಟ್ರೋಲು, ಲಾಡ್ಜು, ಊಟ ಅಂತ ಹದಿನೈದು ಸಾವಿರದ ಆಸುಪಾಸು ಖರ್ಚಾಯಿತು. ಆ ಕರಡು ನಿಲ್ಲಲೇ ಇಲ್ಲ. ಅಕ್ಕ, ತಮ್ಮ ಇಬ್ಬರೂ ಊರು ನೋಡಲು ಬಂದವರಾಗಿಬಿಟ್ಟಿದ್ದರು. ಯಾವ ಅಧ್ಯಾಯ ತೆಗೆದರೂ ಕಥೆಗೆ ಏನೂ ಆಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕಿರಾಣಿ ಅಂಗಡಿ ಇತ್ತು. ಉದ್ರಿ ಪುಸ್ತಕ ಬರೆದು ನನಗೆ ರೂಢಿ. ನಕ್ಷೆ ಬದಿಗಿಟ್ಟು, ಉದ್ದನೆಯ ಖಾತೆ ಪುಸ್ತಕ ಒಂದನ್ನು ತಂದು ಅಡ್ಡ ಗೆರೆ, ಉದ್ದ ಗೆರೆ ಹಾಕಿದೆ. ಯಾರಿಗೆ ಬಾಕಿ, ಎಷ್ಟು, ಯಾವಾಗಿನದು, ಅವರು ಯಾಕೆ ಕೊಟ್ಟರು, ಈಗ ಅದು ಅವರಿಗೆ ನೆನಪಿದೆಯೋ ಇಲ್ಲವೋ. ಊರಿನ ಹೆಸರನ್ನು ಕೊನೆಗೆ ಬರೆದೆ. ಎರಡು ವಾರ ಬರೀ ಇದನ್ನೇ ತುಂಬಿಸಿದೆ, ಕಾದಂಬರಿಯ ಒಂದು ಸಾಲೂ ಬರೆಯಲಿಲ್ಲ.

ಕಾದಂಬರಿ ಎದ್ದು ನಿಂತಿದ್ದು "ನೆನಪಿದೆಯೋ ಇಲ್ಲವೋ" ಎಂಬ ಆ ಅಂಕಣದಿಂದ. ಒಬ್ಬರು ಪೂರ್ತಿ ಮರೆತಿದ್ದಾರೆ. ಇನ್ನೊಬ್ಬರು ಇದ್ದದ್ದಕ್ಕಿಂತ ದುಪ್ಪಟ್ಟು ಹೇಳುತ್ತಾರೆ. ಪಂಕ್ಚರ್ ಅಂಗಡಿಯವನು ತೀರಿಕೊಂಡಿದ್ದಾನೆ, ಅವನ ಮಗ ರೊಕ್ಕ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಕ್ಲೀನರ್ ಹುಡುಗ ಈಗ ತಾನೇ ಎರಡು ಟಿಪ್ಪರ್ ಇಟ್ಟುಕೊಂಡಿದ್ದಾನೆ, ಹಳೆಯ ಮಾಲೀಕನನ್ನು ಕೂರಿಸಿ ಚಹಾ ತರಿಸುತ್ತಾನೆ. ಸಾಲ ತೀರಿಸಲು ಹೋದವನ ಮುಂದೆ ಹೀಗೆ ಒಬ್ಬೊಬ್ಬರೂ ಒಂದೊಂದು ಥರ ನಿಂತರೆ ಅವನು ಬದಲಾಗಲೇಬೇಕು, ಅಲ್ವಾ? ರಸ್ತೆ ಅವನನ್ನು ಆ ಬಾಗಿಲ ತನಕ ಒಯ್ಯುತ್ತದೆ, ಅಷ್ಟೇ. ಒಳಗೆ ಹೋಗುವುದು ಅವನಿಗೆ ಬಿಟ್ಟದ್ದು.

ಇದಾದ ಮೇಲೆ ಒಂದು ನಿಯಮ ಹಾಕಿಕೊಂಡೆ. ಬಾಕಿಗೆ ಸಂಬಂಧ ಇಲ್ಲದ ಊರಿನ ಸಂಗತಿ ಪುಸ್ತಕದೊಳಗೆ ಬರಬಾರದು. ಇಟಗಿ ಗುಡಿ ಹೋಯಿತು. ಮಸ್ಕಿಯ ಶಾಸನ ಉಳಿಯಿತು. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕನ ಹೆಸರೇ ಇದೆ, ಅದು ನಮ್ಮ ಕಡೆ ಶಾಲೆಯ ಹುಡುಗರಿಗೂ ಗೊತ್ತು. ಮಸ್ಕಿಯ ಚಹಾದಂಗಡಿಯ ಮುದುಕ ಅದನ್ನೇ ಹಿಡಿದು ಕೇಳುತ್ತಾನೆ: "ಅಶೋಕನ ಹೆಸರು ಕಲ್ಲಿನ ಮ್ಯಾಲ ಎರಡು ಸಾವಿರ ವರ್ಷ ಉಳದೈತಿ. ನಿನ್ನ ಹೆಸರು ನನ್ನ ಪುಸ್ತಕದಾಗ ಹದಿಮೂರು ವರ್ಷ ಉಳಿಯಂಗಿಲ್ಲೇನಪಾ?" ಈ ಸಾಲನ್ನು ಓದಿದವರೆಲ್ಲ ನನಗೆ ತಿರುಗಿ ಹೇಳುತ್ತಾರೆ. ಬರೆದ ದಿನವೇ ಗೊತ್ತಿತ್ತು, ಇದು ನಿಲ್ಲುವ ಸಾಲು ಅಂತ.

2024ರ ಆಗಸ್ಟನ್ನು ಸುಮ್ನೆ ಆರಿಸಲಿಲ್ಲ. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ಕಡಿದು ಕೊಚ್ಚಿ ಹೋಯಿತು. ತುಂಬಿದ್ದ ಡ್ಯಾಮಿನ ನೀರು ನದಿಗೆ ಓಡಿತು. ಎಡದಂಡೆ ಕಾಲುವೆಯ ಮೇಲೆ ಬದುಕುವ ಗಂಗಾವತಿ, ಕಾರಟಗಿ, ಸಿಂಧನೂರು ಆ ವಾರ ಉಸಿರು ಬಿಗಿ ಹಿಡಿದಿದ್ದವು. ವಾರದ ಹೊತ್ತಿಗೆ ತಾತ್ಕಾಲಿಕ ಗೇಟು ಇಳಿಸಿದರು, ಆಮೇಲೆ ನೀರೂ ಬಂತು. ಆದರೆ ನನಗೆ ಬೇಕಾಗಿದ್ದು ಆ ನಡುವಿನ ದಿನಗಳು. ಕಾರಟಗಿಯ ಗುಮಾಸ್ತ ಬೇರೆ ಯಾವ ವರ್ಷವಾದರೂ "ಇರಲಿ ಬಿಡಪಾ, ಹಳೇದು" ಅನ್ನುತ್ತಿದ್ದ. ಆ ವಾರ ಅವನು ರೊಕ್ಕ ಎಣಿಸಿ ತೆಗೆದುಕೊಳ್ಳುತ್ತಾನೆ. ತನ್ನ ಎರಡು ಎಕರೆ ಭತ್ತದ ಗತಿ ಏನೋ ಅನ್ನುವ ಭಯ ಅವನಿಗೆ. ಅವನು ಎಣಿಸುವ ಕೈಯನ್ನು ಅಕ್ಕ ನೋಡುತ್ತಾಳೆ. ನಾನು ಬರೆದ ಎಲ್ಲದರಲ್ಲೂ ನನಗೆ ಜಾಸ್ತಿ ಇಷ್ಟವಾದ ಪುಟ ಅದು.

ಅಕ್ಕನ ಬಗ್ಗೆ ಹೇಳಲೇಬೇಕು. ಮೊದಲ ಕರಡಿನಲ್ಲಿ ಅವಳು ಚೀಲ ಹಿಡಿದು ಕೂರುತ್ತಿದ್ದಳು, ಬೇರೆ ಕೆಲಸವಿರಲಿಲ್ಲ. ಅವಳಿಗೆ ಬಾಗಿಲು ತೆರೆದದ್ದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸು ಪುಕ್ಕಟೆ. ಅದುವರೆಗೆ ತಮ್ಮನು ದುಡ್ಡು ಕೊಟ್ಟರೆ ಮಾತ್ರ ಹೊರಗೆ ಹೋಗುತ್ತಿದ್ದವಳು ಈಗ ತನ್ನ ಟಿಕೆಟ್ಟಿನಲ್ಲಿ ಕೂತಿದ್ದಾಳೆ. "ರೊಕ್ಕ ಕೊಟ್ಟಾವ ನೀನು, ಕಿಟಕಿ ಕಡೆ ನೀನ ಕೂಡು" ಅಂತ ತಮ್ಮನಿಗೆ ಹೇಳುತ್ತಾಳೆ. ಪ್ರತಿ ಬಸ್ಸಿನಲ್ಲೂ ಗುರುತಿನ ಚೀಟಿ ತೋರಿಸಬೇಕು. ಅವಳ ಹತ್ತಿರ ಇರುವುದು ಆಧಾರ್ ಕಾರ್ಡು. ಅದರಲ್ಲಿರುವುದು ಅವಳು ಬಿಟ್ಟು ಬಂದ ಗಂಡನ ಊರಿನ ವಿಳಾಸ. ಕಂಡಕ್ಟರ್ ಕಾರ್ಡು ತಿರುಗಿಸಿ ನೋಡಿದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಾಳೆ. ಹಾಗಾಗಿ ಖಾತೆ ಪುಸ್ತಕದಲ್ಲಿ ಅವಳಿಗೂ ಒಂದು ಪುಟ ತೆರೆದೆ. ಅವಳಿಗೆ ಬರಬೇಕಾದ ಬಾಕಿ ಅದು. ಅದನ್ನು ಅವಳು ಹೇಗೆ ವಸೂಲಿ ಮಾಡುತ್ತಾಳೆ ಅನ್ನುವುದನ್ನು ಓದಿಯೇ ತಿಳಿಯಬೇಕು.

ತಮ್ಮನಿಗೆ ಒಂದು ರೂಢಿ ಕೊಟ್ಟೆ. ಲಾರಿ ಹೊಡೆದವನು ಬಸ್ಸಿನಲ್ಲಿ ಕೂತರೆ ಅವನ ಬಲಗಾಲು ಸುಮ್ಮನಿರುವುದಿಲ್ಲ. ಎದುರಿಗೆ ದನ ಬಂದರೆ ಬ್ರೇಕ್ ಒತ್ತುತ್ತದೆ. ಇದನ್ನು ನಾನು ಎಷ್ಟೋ ಡ್ರೈವರುಗಳಲ್ಲಿ ನೋಡಿದ್ದೇನೆ. ಅರ್ಧ ಪುಸ್ತಕದ ತನಕ ಆ ಕಾಲು ಒತ್ತುತ್ತಲೇ ಇರುತ್ತದೆ. ಒಂದು ಕಡೆ ಒತ್ತುವುದಿಲ್ಲ, ಅವನು ನಿದ್ದೆ ಹೋಗಿರುತ್ತಾನೆ. ಅದರ ಬಗ್ಗೆ ನಾನು ಒಂದು ಪದವೂ ಬರೆದಿಲ್ಲ. "ಅವನ ಮನಸ್ಸು ಹಗುರಾಯಿತು" ಅಂತ ಬರೆಯುವ ಬದಲು ಇದನ್ನು ಮಾಡಿ ನೋಡಿ. ಓದುವವರು ತಾವೇ ಹಿಡಿಯುತ್ತಾರೆ.

ಬೈಕ್ ಬಿಟ್ಟು ಬಸ್ಸಿನಲ್ಲೇ ಓಡಾಡಿದೆ. ಬಸ್ಸಿನೊಳಗೆ ಏನೂ ಬರೆದುಕೊಳ್ಳಲಿಲ್ಲ. ರಾತ್ರಿ ಲಾಡ್ಜಿನಲ್ಲಿ ನೆನಪಿಗೆ ಬಂದಷ್ಟೇ ಬರೆದೆ. ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಯೂ ನೋಡಿದೆ, ಎಂಜಿನ್ ಸದ್ದು ಬಿಟ್ಟರೆ ಏನೂ ಸಿಗಲಿಲ್ಲ. ಮೊಬೈಲಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸಿದೆ. ನಮ್ಮ "ಹೊಂಟೀವಿ", "ಬರಾಕತ್ತಾರ" ಅದಕ್ಕೆ ತಿಳಿಯಲಿಲ್ಲ.

ಭಾಷೆಯ ಮೇಲೆ ಮಾಡಿದ ಪ್ರಯೋಗ ಮಾತ್ರ ಕೈ ಹಿಡಿಯಿತು. ಮೊದಲು ಎಲ್ಲರಿಗೂ ಒಂದೇ ಥರದ ಉತ್ತರ ಕರ್ನಾಟಕದ ಮಾತು ಕೊಟ್ಟಿದ್ದೆ. ಸಿರುಗುಪ್ಪದ ಒಬ್ಬ ಡ್ರೈವರ್ ಕೇಳಿ, "ಇದು ನಮ್ಮ ಮಾತಲ್ರಿ ಸಾರ್" ಅಂದ. ನಿಜ. ಬಳ್ಳಾರಿ 1953ರ ತನಕ ಮದ್ರಾಸಿನ ಕಡೆ ಇತ್ತು. ಹೊಳೆಯಾಚೆಯ ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದಿನ ಕಡೆ ಇದ್ದವು. ಸಿರುಗುಪ್ಪದಿಂದ ಸಿಂಧನೂರಿಗೆ ಹೋಗುವಾಗ ದಢೇಸೂಗೂರಿನಲ್ಲಿ ತುಂಗಭದ್ರೆ ದಾಟುತ್ತೇವೆ. ನನ್ನ ಕಾದಂಬರಿಯ ಮಾತು ಆ ಸೇತುವೆಯ ಮೇಲೆ ಬದಲಾಗುತ್ತದೆ. ಈಚೆ ದಡದಲ್ಲಿ ತೆಲುಗಿನ ಎಳೆತ, ಆಚೆ ದಡದಲ್ಲಿ ಮುದುಕರ ಬಾಯಲ್ಲಿ ಉರ್ದು ಜಾಸ್ತಿ. ಕ್ಯಾಂಪುಗಳಲ್ಲಿ, ಅಂದರೆ ವಲಸೆ ಬಂದವರ ಊರುಗಳಲ್ಲಿ, ಆಂಧ್ರದಿಂದ ಬಂದು ನೆಲೆಸಿದವರ ತೆಲುಗು. ಸಿಂಧನೂರು ಪಕ್ಕದ ಕ್ಯಾಂಪುಗಳಲ್ಲಿ ಬಂಗಾಳಿ ಕೂಡ ಇದೆ. ಅದಕ್ಕೆ ಒಂದು ಪುಟ ಕೊಟ್ಟಿದ್ದೇನೆ, ಇನ್ನೂ ಜಾಸ್ತಿ ಕೊಡಬೇಕು ಅನ್ನಿಸುತ್ತದೆ. ಅದೇ ಬೇರೆ ಕಾದಂಬರಿ ಆದೀತು.

ಕರಡು ಮುಗಿದ ಮೇಲೆ ಬಳ್ಳಾರಿಯ ಟ್ರಾನ್ಸ್‌ಪೋರ್ಟ್ ಆಫೀಸುಗಳ ಹತ್ತಿರ ಡ್ರೈವರುಗಳಿಗೆ ಓದಿ ಹೇಳಿದೆ. ಲೋಡಿಗೆ ಕಾಯುವವರಿಗೆ ಹೊತ್ತು ಇರುತ್ತದೆ. ಒಗ್ಗರಣೆ, ಮಿರ್ಚಿ, ಚಹಾಕ್ಕೆ ಒಟ್ಟು ಮೂರು ನಾಲ್ಕು ಸಾವಿರ ಹೋಯಿತು. ಅವರು ಹೇಳಿದಷ್ಟು ತಿದ್ದುಪಡಿ ಯಾವ ವಿಮರ್ಶಕರೂ ಹೇಳಲಿಲ್ಲ. "ಲೋಡ್ ಗಾಡಿ ಹಂಗ ನಿಲ್ಲಂಗಿಲ್ಲ" ಅಂತ ಒಂದು ಇಡೀ ಅಪಘಾತವನ್ನೇ ತಿದ್ದಿಸಿದರು. ಅವರು ಮೊಬೈಲ್ ತೆಗೆದ ಜಾಗಕ್ಕೆಲ್ಲ ಪೆನ್ಸಿಲ್ ಗೆರೆ ಹಾಕಿದೆ, ಮನೆಗೆ ಬಂದು ಕತ್ತರಿಸಿದೆ. ಮುನ್ನೂರು ಪುಟ ಇನ್ನೂರ ನಲವತ್ತಕ್ಕೆ ಇಳಿಯಿತು.

ದುಡ್ಡಿನ ವಿಷಯ. ಒಬ್ಬ ಪ್ರಕಾಶಕರು ಇನ್ನೂರು ಪ್ರತಿ ನೀವೇ ಕೊಂಡರೆ ಮಾಡುತ್ತೇವೆ ಅಂದರು. ಇನ್ನೊಬ್ಬರು ವರ್ಷವಿಡೀ ಉತ್ತರವನ್ನೇ ಕೊಡಲಿಲ್ಲ. ನಾನೇ ಅಚ್ಚು ಹಾಕಿಸಿದೆ. ಡೆಮಿ ಸೈಜು, ಹದಿನಾರು ಪುಟದ ಹದಿನೈದು ಫಾರಂ, ಐನೂರು ಪ್ರತಿ. ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದಕ್ಕೆ, ಪುಟಕ್ಕೆ ಇಪ್ಪತ್ತೈದರ ಲೆಕ್ಕ, ಮುಖಪುಟಕ್ಕೆ ಐದು ಸಾವಿರ, ಕರಡು ತಿದ್ದಿದವರಿಗೆ ಬೇರೆ, ಕಾಗದ, ಅಚ್ಚು, ಬೈಂಡಿಂಗ್ ಸೇರಿ ಐವತ್ತು ಸಾವಿರದ ಹತ್ತಿರ. ಒಟ್ಟು ಎಪ್ಪತ್ತು ಸಾವಿರ ಹಿಡಿಯಿರಿ. ಅಂಗಡಿಯವರಿಗೆ ಶೇಕಡಾ 40 ಬಿಟ್ಟರೆ ಕೈಗೆ ಏನೂ ಉಳಿಯುವುದಿಲ್ಲ. ಅದಕ್ಕೆ ಅರ್ಧಕ್ಕಿಂತ ಜಾಸ್ತಿ ಪ್ರತಿಯನ್ನು ಕೈಯಿಂದ ಕೈಗೇ ಮಾರಿದೆ, ಅದೂ ಕಥೆ ಹಾದುಹೋಗುವ ಊರುಗಳಲ್ಲೇ. ಐದಾರು ತಿಂಗಳಲ್ಲಿ ಹಾಕಿದ ದುಡ್ಡು ಬಂತು. ಬಳ್ಳಾರಿಯ ಒಬ್ಬ ಲಾರಿ ಮಾಲೀಕರು ತಮ್ಮ ಡ್ರೈವರುಗಳಿಗೆ ಅಂತ ಒಂದು ಕಟ್ಟು ಒಯ್ದರು. ನಮ್ಮ ಕಡೆಯ ಕಾದಂಬರಿಗೆ ಇಂಥ ಓದುಗರು ಇದ್ದಾರೆ ಅಂತ ನಾನು ಮೊದಲಿಂದ ಹೇಳುತ್ತಿದ್ದೆ.

ಎರಡು ಸಂಗತಿ ಇಲ್ಲಿ ಹೇಳುವುದಿಲ್ಲ. ಬಾಕಿಗಳ ಸಾಲಿನಲ್ಲಿ ಯಾರದು ಕೊನೆಗೆ ಬರಬೇಕು ಅಂತ ಗೊತ್ತು ಮಾಡುವ ಬಗೆ ಒಂದು. ಅಧ್ಯಾಯದ ಮೊದಲ ಸಾಲನ್ನು ಹುಡುಕುವ ಬಗೆ ಇನ್ನೊಂದು. ಮುಂದಿನ ಪುಸ್ತಕಕ್ಕೆ ಎರಡೂ ಬೇಕು. ಖಾತೆ ಪುಸ್ತಕ ಹೊಸದು ತಂದಿದ್ದೇನೆ. ಈ ಸಲ ಶಕ್ತಿನಗರದಿಂದ ಶುರು, ಮಾನ್ವಿ ಮೇಲೆ ಹಟ್ಟಿಯ ತನಕ. ಸದ್ಯಕ್ಕೆ ಉದ್ರಿ ಕೊಟ್ಟವರು ಎಂಟು ಹತ್ತು ಜನ ಸಿಕ್ಕಿದ್ದಾರೆ, ಬಾಕಿ ಉಳಿಸಿಕೊಂಡವಳ ಹೆಸರು ಇನ್ನೂ ಇಟ್ಟಿಲ್ಲ.