ಬಾಜೂ ಮನೆಯ ಮಗ್ಗದ ಸಪ್ಪಳ

ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಬೆಟಗೇರಿಯ ಒಬ್ಬ ನೇಕಾರ ಅಜ್ಜನ ಮೇಲೆ 11 ನಿಮಿಷದ ಕಿರುಚಿತ್ರ ಮಾಡಿದೆವು. ಶೂಟಿಂಗ್ ಮೂರು ದಿನಕ್ಕೆ ಮುಗಿಯಿತು. ಎಡಿಟಿಂಗಿಗೆ ಐದು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ನಮ್ಮದೇ ತಪ್ಪು ತಿದ್ದುವುದರಲ್ಲಿ ಹೋಯಿತು.

ಮೊದಲನೆಯದು ತುಟಿ ಮತ್ತು ಮಾತಿನ ಜಗಳ. ಚಿತ್ರ ಒಂದು ಫೋನಿನಲ್ಲಿ, ಮಾತು ಇನ್ನೊಂದು ಫೋನಿಗೆ ಸಿಕ್ಕಿಸಿದ ಕಾಲರ್ ಮೈಕಿನಲ್ಲಿ. ಪ್ರತಿ ಟೇಕಿನ ಮೊದಲು ಚಪ್ಪಾಳೆ ಹೊಡೆದಿದ್ದೆವು, ಹಾಗಾಗಿ ಜೋಡಿಸುವುದು ಸುಲಭ ಅಂದುಕೊಂಡಿದ್ದೆ. ಮೊದಲ ನಿಮಿಷ ಎಲ್ಲ ಬರೋಬ್ಬರಿ. ನಾಲ್ಕನೇ ನಿಮಿಷಕ್ಕೆ ಬಂದರೆ ಅಜ್ಜ ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿತ್ತು. ಎರಡು ರಾತ್ರಿ ಆಡಿಯೋ ತುಂಡು ಮಾಡಿ ಮಾಡಿ ಸರಿಸಿದೆ. ಆಮೇಲೆ ಫೈಲಿನ ಜಾತಕ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದರೆ ಅಲ್ಲಿ ಬರೆದಿತ್ತು: ವೇರಿಯಬಲ್ ಫ್ರೇಮ್ ರೇಟ್. ಅಂದರೆ ಸೆಕೆಂಡಿಗೆ ಇಷ್ಟೇ ಫ್ರೇಮು, ಅಂದರೆ ಬಿಡಿ ಚಿತ್ರ, ಎಂಬ ಲೆಕ್ಕವಿಲ್ಲ. ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗದ ಕೋಣೆಯಲ್ಲಿ ಬೆಳಕು ಕಮ್ಮಿ. ಬೆಳಕು ಕಮ್ಮಿಯಾದಾಗ ಫೋನು ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ತಗೊಂಡು, ಸೆಕೆಂಡಿಗೆ 30 ಇರಬೇಕಾದ್ದನ್ನು ತನಗೆ ತಿಳಿದಂತೆ ಇಳಿಸಿಬಿಟ್ಟಿತ್ತು. ಎಲ್ಲ ಕ್ಲಿಪ್‌ಗಳನ್ನೂ ವಿಡಿಯೋ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿಗೆ ಹಾಕಿ, ಕಾನ್‌ಸ್ಟಂಟ್ 30 (ಸೆಕೆಂಡಿಗೆ ಸದಾ 30) ಎಂದು ಆರಿಸಿ ಹೊಸದಾಗಿ ತೆಗೆದೆ. ಅಲ್ಲಿಯವರೆಗೆ ಮಾಡಿದ ಕಟ್ಟಿಂಗ್ ಎಲ್ಲ ನೀರಿಗೆ ಹೋಯಿತು. ಇದನ್ನು ಟೈಮ್‌ಲೈನ್ ತೆರೆಯುವ ಮೊದಲೇ ಮಾಡಬೇಕಿತ್ತು.

ಟ್ಯೂಬ್‌ಲೈಟ್ ಮಿಣುಕು ಇನ್ನೊಂದು ಪೀಡೆ. ನಮ್ಮ ಕರೆಂಟು 50 ಹರ್ಟ್ಜ್, ಹಳೇ ಚೋಕಿನ ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 25 ಫ್ರೇಮಿಗೆ ಅದು ಸರಿಯಾಗಿ ಭಾಗವಾಗುತ್ತದೆ, 30ಕ್ಕೆ ಆಗುವುದಿಲ್ಲ. ಷಟರನ್ನು, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, 1/50 ಅಥವಾ 1/100 ಸೆಕೆಂಡಿಗೆ ಇಟ್ಟಿದ್ದರೂ ಪಾರಾಗುತ್ತಿದ್ದೆವು. ಅದೇ ಕ್ಲಿಪ್ಪನ್ನು ಒಂದೊಂದು ಫ್ರೇಮ್ ಸರಿಸಿ ಮೂರು ಪದರ ಮಾಡಿ ಬೆರೆಸಿದಾಗ ಗೋಡೆಯ ಮಿಣುಕು ಅಡಗಿತು, ಆದರೆ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಗೆ ಮೂರು ನೆರಳು ಬಂದವು. ಅಲುಗಾಟವಿಲ್ಲದ ಶಾಟ್ ಉಳಿಸಿಕೊಂಡು ಉಳಿದದ್ದನ್ನು ಬಿಟ್ಟೆ.

ನಿಜವಾದ ಕೆಲಸ ನೇಯುವ ದೃಶ್ಯದ್ದು. ಕೈ, ಕಾಲು, ಲಾಳಿ, ಮುಖ ಅಂತ ಶಾಟ್ ಜೋಡಿಸಿದೆ. ನೋಡಲಿಕ್ಕೆ ಚಲೋ ಇತ್ತು. ಕಣ್ಣು ಮುಚ್ಚಿ ಕೇಳಿದರೆ ಪ್ರತಿ ಕಟ್ಟಿನಲ್ಲೂ ಮಗ್ಗ ಎಡವುತ್ತಿತ್ತು: ಖಟ್, ಖಟ್, ಖಖಟ್. ಕೊನೆಗೆ ಕ್ಲಿಪ್‌ಗಳ ಸದ್ದನ್ನೆಲ್ಲ ತೆಗೆದುಹಾಕಿ, ಮೂರು ನಿಮಿಷದ ಒಂದೇ ರೆಕಾರ್ಡಿಂಗ್ ಕೆಳಗೆ ಹಾಸಿದೆ. ನೂಲನ್ನು ಒತ್ತುವ ಹಲಗೆ ಬಡಿದ ಕಡೆಯೆಲ್ಲ ಮಾರ್ಕರ್ ಇಟ್ಟು, ಚಿತ್ರವನ್ನು ಅದಕ್ಕೆ ಕೂಡಿಸಿದೆ. ಎರಡು ಬಡಿತದ ನಡುವೆ 36 ಫ್ರೇಮು. ಎರಡು ಫ್ರೇಮ್ ಹಿಂದೆಮುಂದೆ ಆದರೆ ಕಣ್ಣು ಸುಮ್ಮನಿರುತ್ತದೆ, ಮೂರಾದರೆ ಹಿಡಿಯುತ್ತದೆ. ಊಟದ ನಂತರದ ಶಾಟ್‌ಗಳಲ್ಲಿ ಅಜ್ಜನ ಕೈ ನಿಧಾನ, 41 ಫ್ರೇಮು. ಅವನ್ನು ಶೇ. 14ರಷ್ಟು ವೇಗ ಮಾಡಿದೆ. ಕಾಲಿನ ಶಾಟ್‌ನಲ್ಲಿ ಗೊತ್ತಾಗಲಿಲ್ಲ. ಮುಖದ ಶಾಟ್‌ನಲ್ಲಿ ಅಜ್ಜ ಬಸ್ಸು ತಪ್ಪೀತು ಅನ್ನುವವರ ಹಾಗೆ ಕಂಡರು, ಅದನ್ನು ತೆಗೆದೆ.

ಆ ಮೂರು ನಿಮಿಷದ ರೆಕಾರ್ಡಿಂಗ್ ಬಾಜೂ ಮನೆಯ ಮಗ್ಗದ್ದು. ಅಜ್ಜನ ಮನೆಯದರಲ್ಲಿ ಬೈಕಿನ ಹಾರ್ನು ತುಂಬಿತ್ತು. ಮಗ್ಗ ಅಂದರೆ ಮಗ್ಗ, ಯಾರಿಗೆ ತಿಳಿಯುತ್ತದೆ ಅಂದುಕೊಂಡೆ.

ಕನ್ನಡ ಟೈಟಲ್ ಒಂದು ಸಂಜೆ ತಿಂದಿತು. ಎಡಿಟಿಂಗ್ ಸಾಫ್ಟ್‌ವೇರು ಒತ್ತಕ್ಷರಗಳನ್ನೆಲ್ಲ ಒಡೆದು ಪಕ್ಕಕ್ಕೆ ಕೂಡಿಸುತ್ತಿತ್ತು. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಸಾಫ್ಟ್‌ವೇರಿನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಹಚ್ಚಿದೆ.

ಕಾಲೇಜಿಗೆ ಕೊಡುವ ಮೊದಲು ಲ್ಯಾಪ್‌ಟಾಪ್ ಒಯ್ದು ಅಜ್ಜನಿಗೆ ತೋರಿಸಿದೆವು. ಪೂರ್ತಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಚಲೋ ಮಾಡೀರಿ. ಆದ್ರ ತಮ್ಮಾ, ಕೈ ನಂದು, ಸಪ್ಪಳ ಬಾಜೂ ಮನೀದು ಅಲ್ಲೇನು? ನನ್ನ ಮಗ್ಗದ ಎಡಗಡಿ ಗೂಟ ಸಡ್ಲ ಆಗೇತಿ. ಹಲಗಿ ಬಡದಾಗೊಮ್ಮೆ ಕಿರ್ ಅಂತೈತಿ."

ರವಿವಾರ ನಸುಕಿನಲ್ಲಿ, ಬೈಕುಗಳು ಏಳುವ ಮೊದಲು, ಮೈಕು ಹಿಡಿದು ಹೋದೆವು. ನಾವು ಬರುತ್ತೇವೆಂದು ಅಜ್ಜ ಆ ಗೂಟಕ್ಕೆ ಹಿಂದಿನ ರಾತ್ರಿಯೇ ಚಕ್ಕೆ ಬಡಿದು ಬಿಗಿ ಮಾಡಿಟ್ಟಿದ್ದರು. ಕೈಮುಗಿದು, ಚಕ್ಕೆ ತೆಗೆಸಿ, ರೆಕಾರ್ಡ್ ಒತ್ತಿದೆವು.