ಪಿಸಿಓಡಿಗೆ ಗಿಡಮೂಲಿಕೆ: ನಾನು ಬಳಸಿದ್ದು, ಬಿಟ್ಟಿದ್ದು

ನನಗೆ ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಡವಾಗುವ, ಮುಖದ ಮೇಲೆ ಕೂದಲು ಬರುವ ಅಂಡಾಶಯದ ತೊಂದರೆ, ಇದೆ ಅಂತ ಗೊತ್ತಾದಾಗ ಬಾಗಲಕೋಟೆಯಲ್ಲಿ ಸಲಹೆ ಕೊಡದವರೇ ಇರಲಿಲ್ಲ. ವೈನಿ ಮೆಂತ್ಯೆ ಕಾಳು ನೆನೆಸಿ ತಿನ್ನು ಅಂದರು, ಪಕ್ಕದ ಮನೆಯವರು ದಾಲ್ಚಿನ್ನಿ ನೀರು ಅಂದರು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿಡದಿಂದ ಬಂದದ್ದೂ ಔಷಧಿಯೇ ಅಂತ ದಿನಾ ನೋಡುತ್ತೇನೆ. ಪಿಸಿಓಡಿಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಯುರೋಪಿನ ಗಲೇಗಾ ಎಂಬ ಗಿಡದಲ್ಲಿರುವ ಅಂಶದ ಜಾಡು ಹಿಡಿದು ಹುಟ್ಟಿದ ಮಾತ್ರೆ. ಅದಕ್ಕೇ ಒಂದು ಸಲಕ್ಕೆ ಒಂದೇ ಗಿಡ, ಅದೂ ನನ್ನ ಡಾಕ್ಟರಿಗೆ ಹೇಳಿಯೇ ಅಂತ ಗಟ್ಟಿ ಮಾಡಿಕೊಂಡೆ. ಮೂರ್ನಾಲ್ಕು ಒಟ್ಟಿಗೆ ತಿಂದರೆ ಯಾವುದು ನಾಟಿತು, ಯಾವುದು ಹೊಟ್ಟೆ ಕೆಡಿಸಿತು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಗಲ್ಲದ ಕೂದಲಿಗೆ ಅಂತ ಪುದೀನಾ ಚಹಾ ಶುರು ಮಾಡಿದೆ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 42 ಹೆಂಗಸರಿದ್ದರು. ಕೆಲವರಿಗೆ ಸ್ಪಿಯರ್‌ಮಿಂಟ್ ಎಂಬ ಪುದೀನಾ ಚಹಾ, ಉಳಿದವರಿಗೆ ಬೇರೆ ಚಹಾ, ದಿನಕ್ಕೆ ಎರಡು ಸಲ, 30 ದಿನ. ಪುದೀನಾ ಕುಡಿದವರ ರಕ್ತದಲ್ಲಿ ಈ ಕೂದಲು ಬೆಳೆಸುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಇಳಿಯಿತು, ಆದರೆ ಡಾಕ್ಟರು ಅಳೆದು ನೋಡಿದಾಗ ಕೂದಲು ಅಷ್ಟೇ ಇತ್ತು. ನನಗೂ ಕೂದಲಲ್ಲಿ ಫರಕು ಕಾಣಲಿಲ್ಲ. ಕೂದಲು ಬೆಳೆದು ಉದುರುವ ಸುತ್ತಿಗೇ ತಿಂಗಳುಗಟ್ಟಲೆ ಬೇಕು, ಆದ್ದರಿಂದ ಬೇಗ ನಿರಾಶೆ ಬೇಡ, ಜಾಸ್ತಿ ಆಸೆಯೂ ಬೇಡ.

ನಿಜವಾಗಿ ಹುಷಾರಾಗಿರಬೇಕಾದದ್ದು ಬರ್ಬರಿನ್ ವಿಷಯದಲ್ಲಿ. ಮರದರಿಶಿನದಲ್ಲಿ ಇರುವ ಹಳದಿ ಅಂಶ ಇದು. ದೇಹ ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸಲಿ ಅಂತ ಇದನ್ನು ತೆಗೆದುಕೊಳ್ಳುತ್ತಾರೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ನನಗೆ ಹೊಟ್ಟೆ ತೊಳಸುತ್ತಿತ್ತು, ಅದಕ್ಕೆ ಡಾಕ್ಟರು ಕಡಿಮೆಯಿಂದ ಶುರು ಮಾಡಿಸಿ ಊಟದ ಜೊತೆ ಕೊಟ್ಟರು, ಮುಟ್ಟಿನ ದಿನಾಂಕ ಬರೆದಿಡಲು ಹೇಳಿದರು. ನಿಧಾನಕ್ಕೆ ಮುಟ್ಟಿನ ನಡುವಿನ ಅಂತರ ಕಡಿಮೆಯಾಯಿತು. ಆದರೆ ಅದೇ ಹೊತ್ತಿಗೆ ನಾನು ಸಂಜೆ ನಡೆಯುವುದನ್ನೂ ಶುರು ಮಾಡಿದ್ದೆ, ಹಾಗಾಗಿ ಪೂರ್ತಿ ಹೆಸರು ಬರ್ಬರಿನ್‌ಗೇ ಕೊಡಲಾರೆ.

ಬರ್ಬರಿನ್ ಬೇರೆ ಕೆಲವು ಮಾತ್ರೆಗಳು ಲಿವರಿನಲ್ಲಿ ಒಡೆದುಹೋಗುವುದನ್ನು ತಡೆಯುತ್ತದೆ, ಆಗ ಆ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರುತ್ತದೆ. ಬಸುರಿದ್ದಾಗಂತೂ ಬೇಡವೇ ಬೇಡ. ಮುಟ್ಟು ಸರಿಯಾಗುತ್ತಾ ಬಂದ ಹಾಗೆ ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ, ಇದನ್ನು ಯಾರೂ ಹೇಳುವುದಿಲ್ಲ ನೋಡಿ! ನಾವು ಮಗು ಬೇಕು ಅಂದುಕೊಂಡ ದಿನವೇ ಡಾಕ್ಟರು ಅದನ್ನು ನಿಲ್ಲಿಸಿದರು.

ಅಗಸಿ ಚಟ್ನಿ, ಹಸಿ ಮೆಂತ್ಯೆ ಸೊಪ್ಪು ಈಗಲೂ ರೊಟ್ಟಿ ಜೊತೆ ಇದ್ದೇ ಇವೆ. ಅವು ನನಗೆ ಊಟ, ಔಷಧಿ ಅಲ್ಲ. ದಾಲ್ಚಿನ್ನಿ ನೀರು ಮಾತ್ರ ಕುಡಿಯಲಿಲ್ಲ. ಕ್ಯಾಸಿಯಾ ಎಂಬ ಅಗ್ಗದ ಜಾತಿಯ ದಾಲ್ಚಿನ್ನಿ ಚಕ್ಕೆಯಲ್ಲಿ ಕೂಮರಿನ್ ಎಂಬ ಅಂಶ ಇರುತ್ತದೆ, ದಿನಾ ಜಾಸ್ತಿ ಹೋದರೆ ಲಿವರಿಗೆ ಒಳ್ಳೆಯದಲ್ಲ. ನೀವು ಏನೇ ತಿನ್ನುತ್ತಿದ್ದರೂ ಆ ಡಬ್ಬಿಯನ್ನೇ ಡಾಕ್ಟರ ಹತ್ತಿರ ಒಯ್ಯಿರಿ, ಡಬ್ಬಿಯ ಹಿಂಬದಿಯಲ್ಲಿ ಬರೆದದ್ದನ್ನು ಅವರು ಓದಲಿ.